ಗಟ್ಟಿ ಪೆಲೆಟ್, ಮೆತ್ತನೆಯ ಮೂಳೆ: ಒಂದು ಬ್ರಾಯ್ಲರ್ ಆಹಾರ ಪ್ರಕರಣ

ದೂರು ಬಂದದ್ದು ಮರಿಗಳ ಮೂರನೇ ವಾರದಲ್ಲಿ. ಫೀಡರ್ ಕಡೆಗೆ ಓಡಬೇಕಾದ ಮರಿಗಳಲ್ಲಿ ಕೆಲವು ಕಾಲಿನ ಗಂಟಿನ ಮೇಲೆ ಕುಳಿತೇ ಇದ್ದವು. ಎಬ್ಬಿಸಿದರೆ ಎರಡು ಹೆಜ್ಜೆ ತೂರಾಡಿ ಮತ್ತೆ ಕುಳಿತುಬಿಡುತ್ತಿದ್ದವು. ಲಿಟರ್, ಅಂದರೆ ಶೆಡ್‌ನ ನೆಲಕ್ಕೆ ಹರಡಿದ ಹಾಸು, ಅಂಟಂಟಾಗಿತ್ತು, ಒಂದು ಹಿಡಿ ತೆಗೆದು ಮುಷ್ಟಿ ಬಿಗಿದು ಬಿಟ್ಟರೆ ಉಂಡೆಯಾಗಿಯೇ ಉಳಿಯುತ್ತಿತ್ತು. ತೂಕ ಹಿಂದೆ ಬಿದ್ದಿತ್ತು, ಎಫ್‌ಸಿಆರ್ (ಕಿಲೋ ತೂಕ ಏರಲು ತಿಂದ ಆಹಾರದ ಲೆಕ್ಕ) ಕೆಟ್ಟಿತ್ತು. ಆದರೆ ಆಹಾರದ ಮೇಲೆ ಬೆರಳು ತೋರಿಸಲು ಯಾರಿಗೂ ಧೈರ್ಯವಿರಲಿಲ್ಲ. ಏಕೆಂದರೆ ಪೆಲೆಟ್, ಅಂದರೆ ಪುಡಿ ಆಹಾರವನ್ನು ಒತ್ತಿ ಮಾಡಿದ ಗುಳಿಗೆ, ಹಿಂದೆಂದಿಗಿಂತ ಗಟ್ಟಿಯಾಗಿತ್ತು, ಚೀಲದ ತಳದಲ್ಲಿ ಪುಡಿ ಇರಲಿಲ್ಲ, ಪ್ರಯೋಗಾಲಯದ ವರದಿಯಲ್ಲಿ ಪ್ರೋಟೀನ್, ಕ್ಯಾಲ್ಸಿಯಂ, ರಂಜಕ ಎಲ್ಲವೂ ಸೂತ್ರದೊಂದಿಗೆ ತಾಳೆಯಾಗುತ್ತಿದ್ದವು.

ಈ ಪ್ರಕರಣ ಯಾವುದೋ ಒಂದು ಮಿಲ್‌ನ ಕಡತವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಪೆಲೆಟ್ ಆಹಾರ ತಯಾರಿಕೆಯಲ್ಲಿ ಮತ್ತೆ ಮತ್ತೆ ಕಾಣುವ ತೊಡಕುಗಳನ್ನು ಒಂದೇ ಮಿಲ್, ಒಂದೇ ಶೆಡ್‌ಗೆ ತಂದು ಜೋಡಿಸಿದ್ದೇನೆ. ಘಟನೆಗಳ ಸರಣಿ ಕಟ್ಟಿದ್ದು; ಅದರ ಹಿಂದಿನ ರಸಾಯನ, ಯಂತ್ರ ಮತ್ತು ಲೆಕ್ಕ ಮಾತ್ರ ಯಾವ ಮಿಲ್‌ಗೂ ಅನ್ವಯಿಸುವಂಥವು.

ಮಿಲ್‌ನಲ್ಲಿ ಬದಲಾದದ್ದು

ಹಿಂದಿನ ಬ್ಯಾಚ್‌ಗೂ ಈ ಬ್ಯಾಚ್‌ಗೂ ನಡುವೆ ಮಿಲ್ ಮೂರು ಬದಲಾವಣೆ ಮಾಡಿತ್ತು. ಮೆಕ್ಕೆಜೋಳ ಸಾಲದೆ ಬಂದಾಗ ಅದರ ಅರ್ಧದಷ್ಟನ್ನು ಗೋಧಿಯಿಂದ ತುಂಬಿಸಿತು. ಪುಡಿ ಹೆಚ್ಚೆಂಬ ಹಳೆಯ ದೂರಿಗೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯಕ್ಕೂ ಒಂದೇ ಮದ್ದೆಂದು, ಪುಡಿ ಆಹಾರಕ್ಕೆ ಹಬೆ ಕೊಡುವ ಕಂಡಿಷನರ್‌ನ ಉಷ್ಣತೆಯನ್ನು 78 ಡಿಗ್ರಿಯಿಂದ 90 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿತು. ಪೆಲೆಟ್ ಇನ್ನಷ್ಟು ಗಟ್ಟಿಯಾಗಲಿ ಎಂದು ಕಾಳು ಬೀಸುವ ಹ್ಯಾಮರ್ ಮಿಲ್‌ಗೆ ಸಣ್ಣ ಕಣ್ಣಿನ ಜರಡಿ ಹಾಕಿತು. ಮೂರಕ್ಕೂ ಅದರದರ ಕಾರಣವಿತ್ತು, ಮೂರನ್ನೂ ಬೇರೆ ಬೇರೆ ಜನ ತೀರ್ಮಾನಿಸಿದ್ದರು. ಖರೀದಿ ವಿಭಾಗದ ತೀರ್ಮಾನ ಯಂತ್ರದ ಮುಂದೆ ನಿಂತವರಿಗೆ ಗೊತ್ತಿರಲಿಲ್ಲ. ಯಂತ್ರದ ಮುಂದಿನವರ ತೀರ್ಮಾನ ಸೂತ್ರ ಬರೆಯುವ ಆಹಾರ ತಜ್ಞರ ಮೇಜಿಗೆ ತಲುಪಲೇ ಇಲ್ಲ. ನನ್ನ ದೃಷ್ಟಿಯಲ್ಲಿ ಪ್ರಕರಣದ ಅರ್ಧ ಭಾಗ ಇಲ್ಲೇ ಇದೆ.

ಸೂತ್ರದಲ್ಲಿ ಎರಡು ಕಿಣ್ವಗಳಿದ್ದವು. ಕಾಳಿನಲ್ಲಿ ಸಿಕ್ಕಿಕೊಂಡ ರಂಜಕವನ್ನು ಬಿಡಿಸುವ ಫೈಟೇಸ್, ಕಿಲೋ ಆಹಾರಕ್ಕೆ 500 ಯೂನಿಟ್. ಗೋಧಿ ಬಂದದ್ದರಿಂದ ಅದರ ಜೊತೆಗೆ ಗೋಧಿಯ ನಾರನ್ನು ಕತ್ತರಿಸುವ ಕ್ಸೈಲನೇಸ್. ಎರಡೂ ಲೇಪನವಿಲ್ಲದ ಪುಡಿಗಳು, ಪ್ರಿಮಿಕ್ಸ್ (ಜೀವಸತ್ವ, ಸೂಕ್ಷ್ಮ ಖನಿಜಗಳ ಮಿಶ್ರಣ) ಜೊತೆಗೆ ಮಿಕ್ಸರ್‌ಗೆ ಬೀಳುತ್ತಿದ್ದವು. ಅಂದರೆ ಹಬೆಯನ್ನೂ, ಪೆಲೆಟ್ ಒತ್ತುವ ರಂಧ್ರಗಳ ಅಚ್ಚಾದ ಡೈಯನ್ನೂ ದಾಟಿಯೇ ಅವು ಕೋಳಿಯ ಹೊಟ್ಟೆ ಸೇರಬೇಕಿತ್ತು.

ವರದಿ ಸರಿ, ಮರಿ ಕುಂಟು

ಕುಂಟುವ ಮರಿಗೆ ಹತ್ತು ಕಾರಣಗಳಿರುತ್ತವೆ. ಒದ್ದೆ ಲಿಟರ್‌ಗೆ ಇನ್ನೂ ಹತ್ತು. ಆದ್ದರಿಂದ ಆಹಾರಕ್ಕೆ ಬರುವ ಮುನ್ನ ಉಳಿದವುಗಳನ್ನು ಬದಿಗೆ ಸರಿಸಬೇಕಾಯಿತು. ನೀರಿನ ನಿಪ್ಪಲ್‌ಗಳ ಎತ್ತರ ಸರಿಯಿತ್ತು, ಸೋರಿಕೆ ಇರಲಿಲ್ಲ. ಒದ್ದೆ ಇದ್ದದ್ದು ನೀರಿನ ಸಾಲಿನ ಕೆಳಗಷ್ಟೇ ಅಲ್ಲ, ಶೆಡ್‌ನ ಉದ್ದಕ್ಕೂ. ಫ್ಯಾನ್‌ಗಳ ಕೆಲಸದಲ್ಲಿ ವ್ಯತ್ಯಾಸವಾಗಿರಲಿಲ್ಲ. ಕರುಳು ಕೊಯ್ದು ನೋಡಿದಾಗ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿಯ ಗಾಯಗಳು ಹೇಳಿಕೊಳ್ಳುವಷ್ಟು ಇರಲಿಲ್ಲ. ಆಹಾರದ ಸೋಡಿಯಂ ಮಿತಿಯಲ್ಲೇ ಇತ್ತು. ತೊಡೆಯ ಮೂಳೆಯ ತಲೆಯನ್ನು ಕೀಲಿನಿಂದ ಬಿಡಿಸಿದಾಗ ಅದು ಕೊಳೆತು ಮುರಿಯಲಿಲ್ಲ. ಬ್ಯಾಕ್ಟೀರಿಯಾ ಸೋಂಕಿನ ಕುಂಟು ಸಾಮಾನ್ಯವಾಗಿ ಅಲ್ಲೇ ಗುರುತು ಬಿಡುತ್ತದೆ.

ದಾರಿ ತೋರಿಸಿದ್ದು ಕೊಕ್ಕು. ಮರಿಯ ಕೊಕ್ಕನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಪಕ್ಕಕ್ಕೆ ಒತ್ತಿದರೆ ರಬ್ಬರಿನಂತೆ ಬಾಗುತ್ತಿತ್ತು. ಕಾಲಿನ ಟಿಬಿಯಾ ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮುರಿಯಲು ಹೋದರೆ ಆರೋಗ್ಯವಂತ ಮರಿಯ ಮೂಳೆ ಟಕ್ಕೆಂದು ಮುರಿಯಬೇಕು. ಇವು ಬಾಗಿ, ನಾರಿನ ಹಾಗೆ ಸೀಳಿ ಮುರಿದವು. ಎದೆಗೂಡಿನ ಪಕ್ಕೆಲುಬುಗಳು ಬೆನ್ನೆಲುಬಿಗೆ ಸೇರುವಲ್ಲಿ ಸಣ್ಣ ಗಂಟುಗಳಿದ್ದವು. ರಿಕೆಟ್ಸ್, ಅಂದರೆ ಮೂಳೆ ಗಡಸಾಗದ ರೋಗ, ಎನ್ನಲು ಇಷ್ಟು ಸಾಕು. ಆದರೆ ರಿಕೆಟ್ಸ್‌ಗೆ ಕಾರಣ ಕ್ಯಾಲ್ಸಿಯಂ ಕೊರತೆಯೂ ಆಗಬಹುದು, ರಂಜಕದ ಕೊರತೆಯೂ ಆಗಬಹುದು, ಡಿ3 ಜೀವಸತ್ವದ ಕೊರತೆಯೂ ಆಗಬಹುದು. ಮೂಳೆಯ ಬೆಳವಣಿಗೆ ಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಇವುಗಳಲ್ಲಿ ಭೇದ ಸಿಗುತ್ತದೆ. ಕ್ಯಾಲ್ಸಿಯಂ ಅಥವಾ ಡಿ3 ಕೊರತೆಯಲ್ಲಿ ಕೋಶಗಳು ವೃದ್ಧಿಯಾಗುವ ವಲಯ ಉದ್ದವಾಗುತ್ತದೆ. ರಂಜಕದ ಕೊರತೆಯಲ್ಲಿ ಅದರ ಕೆಳಗಿನ, ಉಬ್ಬಿದ ಕೋಶಗಳ ವಲಯ ಗಡಸಾಗದೆ ಉದ್ದಕ್ಕೆ ಇಳಿಯುತ್ತದೆ, ರಕ್ತನಾಳಗಳು ಅದರೊಳಗೆ ಎಂದಿನಂತೆ ನುಗ್ಗಿರುತ್ತವೆ. ಇಲ್ಲಿ ಕಂಡದ್ದು ಎರಡನೆಯದು. ರಕ್ತದ ಸೀರಮ್‌ನಲ್ಲೂ ರಂಜಕ ಕುಗ್ಗಿತ್ತು, ಕ್ಯಾಲ್ಸಿಯಂ ಕುಗ್ಗಿರಲಿಲ್ಲ.

ಅಷ್ಟರಲ್ಲಿ ಶೆಡ್‌ನಲ್ಲಿ ಒಂದು ಕೆಲಸ ಆಗಿಹೋಗಿತ್ತು. ಕಾಲು ಸೋತ ಮರಿಗೆ ಎಲ್ಲರೂ ಮೊದಲು ಕೊಡುವ ಮದ್ದನ್ನೇ ಕೊಟ್ಟಿದ್ದರು: ನೀರಿನಲ್ಲಿ ಕ್ಯಾಲ್ಸಿಯಂ ಟಾನಿಕ್. ರಂಜಕವೇ ಸಾಲದ ಮರಿಗೆ ಇದರಿಂದ ಕೆಟ್ಟದ್ದೇ ಹೆಚ್ಚು. ಕರುಳಿನಲ್ಲಿ ಕ್ಯಾಲ್ಸಿಯಂ ಏರಿದಷ್ಟೂ ಅದು ಫೈಟೇಟ್ (ಕಾಳುಗಳಲ್ಲಿ ರಂಜಕ ಅಡಗಿರುವ ರೂಪ) ಜೊತೆ ಸೇರಿ ಕರಗದ ಲವಣವಾಗುತ್ತದೆ, ಆ ಲವಣವನ್ನು ಫೈಟೇಸ್ ಒಡೆಯಲಾರದು. ಇದ್ದಬದ್ದ ಬಿಡಿ ರಂಜಕವನ್ನೂ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಟಾನಿಕ್ ನಿಲ್ಲಿಸಿ ಎಂದಾಗ ಮೇಲ್ವಿಚಾರಕರು ನಂಬಲಿಲ್ಲ. ಅವರನ್ನು ದೂರುವಂತಿಲ್ಲ. ಮೂಳೆ ಎಂದೊಡನೆ ಸುಣ್ಣ ಎಂಬುದು ಎಲ್ಲರ ತಲೆಯಲ್ಲೂ ಕುಳಿತ ಸಮೀಕರಣ.

ಲೆಕ್ಕ

ಹಾಗಾದರೆ ವರದಿಯಲ್ಲಿ ರಂಜಕ ಸರಿಯಿದ್ದದ್ದು ಹೇಗೆ? ಪ್ರಯೋಗಾಲಯ ಅಳೆದದ್ದು ಒಟ್ಟು ರಂಜಕವನ್ನು. ಮಾದರಿಯನ್ನು ಸುಟ್ಟು ಬೂದಿ ಮಾಡಿ, ಆಮ್ಲದಲ್ಲಿ ಕರಗಿಸಿ, ಅದರಲ್ಲಿರುವ ರಂಜಕವನ್ನೆಲ್ಲ ಎಣಿಸುವ ಪರೀಕ್ಷೆ ಅದು. ಕೋಳಿಯ ಕರುಳು ಯಾವುದನ್ನೂ ಸುಡುವುದಿಲ್ಲ. ಕಾಳುಗಳಲ್ಲಿರುವ ರಂಜಕದ ಸುಮಾರು ಮೂರನೇ ಎರಡು ಪಾಲು ಫೈಟೇಟ್ ರೂಪದಲ್ಲಿರುತ್ತದೆ. ಇನೊಸಿಟಾಲ್ ಎಂಬ ಉಂಗುರಕ್ಕೆ ಆರು ಫಾಸ್ಫೇಟ್ ಗುಂಪುಗಳು ಅಂಟಿಕೊಂಡ ಅಣು ಅದು. ಅದನ್ನು ಬಿಡಿಸುವಷ್ಟು ಕಿಣ್ವ ಕೋಳಿಯ ಕರುಳಿನಲ್ಲಿ ಇಲ್ಲ. ಸೂತ್ರದಲ್ಲಿ ಫೈಟೇಸ್ ಹಾಕುವುದು ಇದಕ್ಕಾಗಿಯೇ.

ಬೆಳವಣಿಗೆ ಹಂತದ ಆಹಾರವನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಮೆಕ್ಕೆಜೋಳ ಶೇ 30, ಗೋಧಿ ಶೇ 30, ಸೋಯಾ ಹಿಂಡಿ ಶೇ 32, ಉಳಿದದ್ದು ಎಣ್ಣೆ, ಖನಿಜ, ಅಮೈನೋ ಆಮ್ಲ, ಪ್ರಿಮಿಕ್ಸ್. ಕೋಷ್ಟಕಗಳ ಪ್ರಕಾರ ಮೆಕ್ಕೆಜೋಳದಲ್ಲಿ ಒಟ್ಟು ರಂಜಕ ಸುಮಾರು ಶೇ 0.27, ಗೋಧಿಯಲ್ಲಿ 0.33, ಸೋಯಾ ಹಿಂಡಿಯಲ್ಲಿ 0.65. ಪಾಲುಗಳಿಂದ ಗುಣಿಸಿ ಕೂಡಿದರೆ ಕಾಳುಗಳಿಂದಲೇ ಬರುವ ರಂಜಕ ಶೇ 0.39ರ ಹತ್ತಿರ. ಅದರಲ್ಲಿ ಫೈಟೇಟ್ ಪಾಲನ್ನು ಕಳೆದರೆ ಕೋಳಿಗೆ ದಕ್ಕುವುದು 0.13 ಮಾತ್ರ. ಈ ವಯಸ್ಸಿಗೆ ಬೇಕಾದ ದಕ್ಕುವ ರಂಜಕ ಸುಮಾರು 0.43. ಕೊರತೆ 0.30. ಡೈಕ್ಯಾಲ್ಸಿಯಂ ಫಾಸ್ಫೇಟ್, ಅಂದರೆ ಮಿಲ್‌ಗಳಲ್ಲಿ ಎಲ್ಲರೂ ಹೇಳುವ ಡಿಸಿಪಿಯಲ್ಲಿ, ರಂಜಕ ಶೇ 18 ಎಂದುಕೊಂಡರೆ, ಕಿಣ್ವವಿಲ್ಲದೆ ಈ ಕೊರತೆ ತುಂಬಲು ಟನ್ ಆಹಾರಕ್ಕೆ 16ರಿಂದ 17 ಕಿಲೋ ಡಿಸಿಪಿ ಬೇಕು.

ಸೂತ್ರದಲ್ಲಿ ಇದ್ದದ್ದು ಒಂಬತ್ತು ಕಿಲೋ ಚಿಲ್ಲರೆ. 500 ಯೂನಿಟ್ ಫೈಟೇಸ್ ಶೇ 0.13ರಷ್ಟು ರಂಜಕವನ್ನು ಫೈಟೇಟ್‌ನಿಂದ ಬಿಡಿಸುತ್ತದೆ ಎಂಬ ಭರವಸೆಯ ಮೇಲೆ ಏಳು ಕಿಲೋ ಡಿಸಿಪಿಯನ್ನು ತೆಗೆದುಹಾಕಲಾಗಿತ್ತು. ಇದಕ್ಕೆ ಮ್ಯಾಟ್ರಿಕ್ಸ್ ಮೌಲ್ಯ ಎನ್ನುತ್ತಾರೆ: ಕಿಣ್ವವನ್ನು ಒಂದು ಕಚ್ಚಾವಸ್ತುವಿನಂತೆ ಕಂಪ್ಯೂಟರ್‌ಗೆ ಊಡಿ, ಅದರಿಂದ ಇಷ್ಟು ರಂಜಕ, ಇಷ್ಟು ಕ್ಯಾಲ್ಸಿಯಂ, ಇಷ್ಟು ಶಕ್ತಿ ಬರುತ್ತದೆ ಎಂದು ಬರೆದುಕೊಳ್ಳುವುದು. ಕ್ರಮವೇನೋ ಸರಿಯೇ, ಕಿಣ್ವಗಳ ಇಡೀ ಲಾಭ ನಿಂತಿರುವುದೂ ಇದರ ಮೇಲೇ. ಆದರೆ ಖಾತೆಗೆ ಹಣ ಬರುವ ಮುನ್ನವೇ ಚೆಕ್ ಬರೆದುಕೊಟ್ಟ ಹಾಗೆ, ಡಿಸಿಪಿ ಹೋದದ್ದು ಖಚಿತ, ಕಿಣ್ವದಿಂದ ರಂಜಕ ಬರುವುದು ಶರತ್ತಿಗೆ ಒಳಪಟ್ಟದ್ದು.

ಈಗ ವರದಿಯನ್ನು ಮತ್ತೆ ನೋಡಬಹುದು. ಕಾಳುಗಳ 0.39, ಡಿಸಿಪಿಯ 0.16 ಅಥವಾ 0.17: ಒಟ್ಟು ಶೇ 0.55ರ ಆಸುಪಾಸು. ಫೈಟೇಸ್ ಬದುಕಿದ್ದರೂ ಇಷ್ಟೇ, ಸತ್ತಿದ್ದರೂ ಇಷ್ಟೇ. ಕಿಣ್ವ ಹೊಸದಾಗಿ ರಂಜಕವನ್ನು ತರುವುದಿಲ್ಲ, ಇರುವುದನ್ನು ಬಿಡಿಸುತ್ತದೆ ಅಷ್ಟೆ. ಆದ್ದರಿಂದ ಒಟ್ಟು ರಂಜಕದ ಪರೀಕ್ಷೆ ಈ ದೋಷವನ್ನು ಎಂದೂ ಹಿಡಿಯದು. ಕಿಣ್ವ ಪೂರ್ತಿ ಸತ್ತಿದ್ದರೆ ಮರಿಗೆ ದಕ್ಕುತ್ತಿದ್ದದ್ದು 0.43 ಅಲ್ಲ, 0.30. ಪ್ರಾರಂಭಿಕ ಹಂತದ ಕ್ರಂಬಲ್ ಕೂಡ ಅದೇ ಪೆಲೆಟ್ ಸಾಲಿನಿಂದ ಬಂದು ಆಮೇಲೆ ಒಡೆದದ್ದು. ಅಂದರೆ ಮೂಳೆ ಕಟ್ಟುವ ಮೊದಲ ಹತ್ತು ದಿನವೂ ಇದೇ ಕೊರತೆ. ಮೂರನೇ ವಾರದಲ್ಲಿ ಕಾಲು ಸೋತದ್ದು ಅದರ ಫಲ.

ಹಬೆಯಲ್ಲಿ ಏನಾಯಿತು

ಕಿಣ್ವ ಒಂದು ಪ್ರೋಟೀನ್. ಒಣಗಿದ್ದಾಗ ಸಾಕಷ್ಟು ಬಿಸಿಯನ್ನು ತಾಳುತ್ತದೆ. ಒದ್ದೆ ಬಿಸಿಗೆ ಬೇಗ ಸೋಲುತ್ತದೆ. ಕಂಡಿಷನರ್ ಎಂದರೆ ಒದ್ದೆ ಬಿಸಿಯೇ. ಅಲ್ಲಿ ಪುಡಿ ಆಹಾರದ ಮೇಲೆ ಹಬೆ ಬೀಳುತ್ತದೆ, ಹಬೆ ತಣಿದು ನೀರಾಗುತ್ತಾ ತನ್ನ ಶಾಖವನ್ನು ಆಹಾರಕ್ಕೆ ಕೊಡುತ್ತದೆ. ಸುಮಾರು 15 ಡಿಗ್ರಿ ಏರಿಕೆಗೆ ಶೇ 1ರಷ್ಟು ತೇವ ಸೇರುತ್ತದೆ ಎಂಬುದು ಮಿಲ್‌ನವರೆಲ್ಲ ಬಳಸುವ ಅಂದಾಜು. 90 ಡಿಗ್ರಿಗೆ ಏರಿಸಿದಾಗ ಬಿಸಿಯೂ ಹೆಚ್ಚಿತು, ತೇವವೂ ಹೆಚ್ಚಿತು. ಲೇಪನವಿಲ್ಲದ ಫೈಟೇಸ್‌ಗೆ 80 ಡಿಗ್ರಿ ದಾಟಿದ ಮೇಲಿನ ಒಂದೊಂದು ಡಿಗ್ರಿಯೂ ಭಾರ.

ಅದಕ್ಕೂ ಮಿಗಿಲಾದದ್ದು ಡೈ. ನಿಯಂತ್ರಣ ಫಲಕದಲ್ಲಿ ಕಾಣುವ 90 ಡಿಗ್ರಿ ಕಂಡಿಷನರ್‌ನ ಬಾಯಲ್ಲಿರುವ ತಾಪಮಾಪಕದ ಅಂಕಿ. ಅಲ್ಲಿಂದ ಮುಂದೆ ಆಹಾರ ಉಕ್ಕಿನ ಡೈಯ ಕಿರಿದಾದ ರಂಧ್ರಗಳಲ್ಲಿ ರೋಲರ್ ಒತ್ತಡಕ್ಕೆ ಸಿಕ್ಕಿ ಉಜ್ಜಿಕೊಂಡು ಬರುತ್ತದೆ. ಆ ಘರ್ಷಣೆಯಿಂದ ಇನ್ನಷ್ಟು ಡಿಗ್ರಿ ಏರುತ್ತದೆ. ಡೈ ದಪ್ಪವಾದಷ್ಟೂ, ಮಿಕ್ಸರ್‌ನಲ್ಲಿ ಹಾಕಿದ ಎಣ್ಣೆ ಕಡಿಮೆಯಾದಷ್ಟೂ ಈ ಏರಿಕೆ ಹೆಚ್ಚು. ಡೈಯಿಂದ ಉದುರುವ ಬಿಸಿ ಪೆಲೆಟ್‌ಗಳನ್ನು ಥರ್ಮೋಸ್ ಫ್ಲಾಸ್ಕ್‌ಗೆ ತುಂಬಿ, ತಾಪಮಾಪಕ ಚುಚ್ಚಿ, ಅಂಕಿ ನಿಲ್ಲುವವರೆಗೆ ಕಾದು ಓದಿದರೆ ನಿಜವಾದ ಉಷ್ಣತೆ ಸಿಗುತ್ತದೆ. ಐದು ನಿಮಿಷದ ಈ ಕೆಲಸವನ್ನು ಮಾಡುವ ಮಿಲ್‌ಗಳು ಕಡಿಮೆ. ಯಂತ್ರಗಳ ಸಾಲು ಕಟ್ಟಿಕೊಂಡು ನಿಂತಾಗ ಕಂಡಿಷನರ್‌ನೊಳಗೆ ಸಿಕ್ಕಿಕೊಂಡ ಆಹಾರ ಅಲ್ಲೇ ಬೇಯುತ್ತಿರುತ್ತದೆ ಎಂಬುದನ್ನೂ ಯಾರೂ ಬರೆದಿಡುವುದಿಲ್ಲ.

ಮಾದರಿಗಳನ್ನು ನಾಲ್ಕು ಕಡೆ ತೆಗೆಯಲಾಯಿತು: ಮಿಕ್ಸರ್, ಕಂಡಿಷನರ್ ಬಾಯಿ, ಪೆಲೆಟ್ ತಣಿಸುವ ಕೂಲರ್, ಶೆಡ್‌ನ ಫೀಡರ್. ಫೈಟೇಸ್ ಪರೀಕ್ಷೆಯ ಅಳತೆ ಸ್ಪಷ್ಟವಾದದ್ದು, pH 5.5, 37 ಡಿಗ್ರಿಯಲ್ಲಿ ಸೋಡಿಯಂ ಫೈಟೇಟ್‌ನಿಂದ ನಿಮಿಷಕ್ಕೆ ಒಂದು ಮೈಕ್ರೋಮೋಲ್ ಫಾಸ್ಫೇಟ್ ಬಿಡಿಸಿದರೆ ಒಂದು ಯೂನಿಟ್. ಮಿಕ್ಸರ್ ಮಾದರಿಯಲ್ಲಿ ಕಿಣ್ವ ಹಾಕಿದಷ್ಟೂ ಇತ್ತು, ಆದ್ದರಿಂದ ತೂಕದಲ್ಲಾಗಲಿ ಬೆರಕೆಯಲ್ಲಾಗಲಿ ತಪ್ಪಿರಲಿಲ್ಲ. ಕೂಲರ್ ಮಾದರಿಯಲ್ಲಿ ಅದರ ಕಾಲು ಭಾಗವೂ ಉಳಿದಿರಲಿಲ್ಲ. ಫೀಡರ್‌ನಲ್ಲೂ ಅಷ್ಟೇ. ಕ್ಸೈಲನೇಸ್ ಪರೀಕ್ಷೆ ಇಷ್ಟು ಸಲೀಸಲ್ಲ. ಒಂದೊಂದು ತಯಾರಕರ ಯೂನಿಟ್ ಒಂದೊಂದು ಉಷ್ಣತೆ, ಒಂದೊಂದು pHನಲ್ಲಿ ಅಳೆದದ್ದು. ಒಬ್ಬರ ಸಾವಿರಕ್ಕೂ ಇನ್ನೊಬ್ಬರ ಸಾವಿರಕ್ಕೂ ಸಂಬಂಧವಿರುವುದಿಲ್ಲ. ಗೋಧಿಯಲ್ಲೇ ಇರುವ ಕೆಲವು ಪ್ರೋಟೀನ್‌ಗಳು ಕ್ಸೈಲನೇಸ್‌ಗೆ ಅಡ್ಡಿ ಮಾಡುವುದೂ ಉಂಟು. ಹೀಗಾಗಿ ತಯಾರಕರ ವಿಧಾನದಲ್ಲೇ, ಅದೇ ಬ್ಯಾಚ್‌ನ ಮಿಕ್ಸರ್ ಮಾದರಿಯೊಂದಿಗೆ ಹೋಲಿಸಿ ನೋಡಬೇಕಾಯಿತು. ದೊಡ್ಡ ಇಳಿಕೆ ಅಲ್ಲೂ ಕಂಡಿತು.

ಇಲ್ಲೊಂದು ಸೂಕ್ಷ್ಮವಿದೆ. ಆಹಾರ ತಜ್ಞರು ಗೋಧಿಯ ಬಗ್ಗೆ ನಿಶ್ಚಿಂತರಾಗಿದ್ದರು, ಏಕೆಂದರೆ ಮೆಕ್ಕೆಜೋಳದಲ್ಲಿ ಹೆಚ್ಚುಕಡಿಮೆ ಇಲ್ಲದ ಸ್ವಂತ ಫೈಟೇಸ್ ಗೋಧಿಯಲ್ಲಿ ಗಣನೀಯವಾಗಿ ಇರುತ್ತದೆ. ಪುಡಿ ಆಹಾರವಾಗಿದ್ದರೆ ಆ ಆಸರೆ ಉಳಿಯುತ್ತಿತ್ತು. 90 ಡಿಗ್ರಿಯ ಹಬೆಗೆ ಅದೂ ಹೋಯಿತು.

ಇನ್ನು ಪೆಲೆಟ್‌ನ ಗಟ್ಟಿತನ. ಅರ್ಧ ಕಿಲೋ ಪೆಲೆಟ್‌ಗಳನ್ನು ಪೆಟ್ಟಿಗೆಯಲ್ಲಿ ಹಾಕಿ ನಿಮಿಷಕ್ಕೆ 50 ಸುತ್ತಿನಂತೆ ಹತ್ತು ನಿಮಿಷ ಉರುಳಿಸಿ, ಜರಡಿ ಹಿಡಿದು, ಉಳಿದದ್ದನ್ನು ತೂಗುವ ಪರೀಕ್ಷೆಯಲ್ಲಿ ಹೊಸ ಪೆಲೆಟ್‌ಗಳು ಮಿಂಚಿದ್ದವು. ಮಿಲ್ ಅದರ ಕೀರ್ತಿಯನ್ನೆಲ್ಲ ಉಷ್ಣತೆಗೆ ಕೊಟ್ಟಿತು. ಆದರೆ ಗೋಧಿಯ ಗ್ಲುಟನ್ ತಾನಾಗಿಯೇ ಒಳ್ಳೆಯ ಅಂಟು. ಮೆಕ್ಕೆಜೋಳದ ಅರ್ಧ ಭಾಗ ಗೋಧಿಯಾದರೆ 78 ಡಿಗ್ರಿಯಲ್ಲೂ ಪೆಲೆಟ್ ಸುಧಾರಿಸುತ್ತಿತ್ತು. ಒಂದೇ ಬಾರಿಗೆ ಎಲ್ಲವನ್ನೂ ಬದಲಿಸಿದ್ದರಿಂದ ಯಾವುದರ ಕೊಡುಗೆ ಎಷ್ಟೆಂದು ತಿಳಿಯುವ ಅವಕಾಶವೇ ತಪ್ಪಿತು.

ಪೆಲೆಟ್ ಮಾಡುವುದರಿಂದ ಪಿಷ್ಟ ಬೆಂದು ಜೀರ್ಣವಾಗುವುದು ಸುಲಭವಾಗುತ್ತದೆ ಎಂಬ ಮಾತು ಮಿಲ್‌ಗಳಲ್ಲಿ ಆಗಾಗ ಕೇಳಿಬರುತ್ತದೆ. ಕಂಡಿಷನರ್‌ನಲ್ಲಿರುವ ಅಲ್ಪ ತೇವದಲ್ಲಿ ಪಿಷ್ಟ ಬೇಯುವುದು ಸ್ವಲ್ಪ ಭಾಗ ಮಾತ್ರ. ಪೆಲೆಟ್‌ನ ನಿಜವಾದ ಲಾಭ ಬೇರೆ ಕಡೆಯಿದೆ: ಕೋಳಿ ಆರಿಸಿ ತಿನ್ನಲಾಗುವುದಿಲ್ಲ, ಪೋಲು ಕಡಿಮೆ, ಹೆಚ್ಚು ತಿನ್ನುತ್ತದೆ, ತಿನ್ನಲು ಕಡಿಮೆ ಹೊತ್ತು ಸಾಕು, ಉಳಿದ ಹೊತ್ತು ಮಲಗಿ ಶಕ್ತಿ ಉಳಿಸುತ್ತದೆ. ಇವು ಯಾವುವಕ್ಕೂ 90 ಡಿಗ್ರಿ ಬೇಕಿಲ್ಲ.

ಅಂಟು ಲಿಟರ್ ಮತ್ತು ತೆಳು ಗಿಜರ್ಡ್

ಗೋಧಿಯ ಕೋಶಭಿತ್ತಿಯಲ್ಲಿ ಅರಬಿನೊಕ್ಸೈಲಾನ್ ಎಂಬ ನಾರಿನ ಪದಾರ್ಥವಿದೆ. ಅದರಲ್ಲಿ ಒಂದು ಪಾಲು ನೀರಿನಲ್ಲಿ ಕರಗುತ್ತದೆ. ಕರಗಿದ್ದು ಕರುಳಿನ ದ್ರವವನ್ನು ಲೋಳೆಯಾಗಿಸುತ್ತದೆ. ಲೋಳೆಯಲ್ಲಿ ಜೀರ್ಣರಸಗಳು ಆಹಾರದ ಕಣವನ್ನು ಮುಟ್ಟುವುದು ತಡವಾಗುತ್ತದೆ, ಕೊಬ್ಬಿನ ಜೀರ್ಣಕ್ರಿಯೆಗೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುತ್ತದೆ, ಎಳೆಯ ಮರಿಗಳಲ್ಲಿ ಇನ್ನೂ ಹೆಚ್ಚು. ಜೀರ್ಣವಾಗದೆ ಉಳಿದದ್ದು ಕೆಳಗಿಳಿದು ಅಲ್ಲಿನ ಸೂಕ್ಷ್ಮಜೀವಿಗಳ ಪಾಲಾಗುತ್ತದೆ. ಹಿಕ್ಕೆ ಅಂಟಾಗುತ್ತದೆ, ಗುದದ ಸುತ್ತಲಿನ ಪುಕ್ಕಕ್ಕೆ ಮೆತ್ತಿಕೊಳ್ಳುತ್ತದೆ, ಲಿಟರ್ ಒಣಗುವುದಿಲ್ಲ, ಅಮೋನಿಯಾ ಏರುತ್ತದೆ, ಪಾದದಲ್ಲಿ ಹುಣ್ಣಾಗುತ್ತದೆ. ಕ್ಸೈಲನೇಸ್ ಆ ಉದ್ದನೆಯ ಸರಪಳಿಯನ್ನು ನಡುನಡುವೆ ಕತ್ತರಿಸಿ ಲೋಳೆಯನ್ನು ತೆಳುವಾಗಿಸುತ್ತದೆ. ಪೂರ್ತಿ ಜೀರ್ಣಿಸಬೇಕಾಗಿಲ್ಲ, ತುಂಡಾದರೆ ಸಾಕು.

ಉಷ್ಣತೆ ಏರಿಸಿದ್ದರ ಎರಡನೆಯ ಪೆಟ್ಟು ಇಲ್ಲಿ ಬಿತ್ತು. ಹೆಚ್ಚು ಬಿಸಿಯ ಕಂಡಿಷನಿಂಗ್ ಕರಗದ ಅರಬಿನೊಕ್ಸೈಲಾನ್‌ನಲ್ಲಿ ಇನ್ನಷ್ಟನ್ನು ಕರಗುವಂತೆ ಮಾಡುತ್ತದೆ. ಗೋಧಿಯಲ್ಲೇ ಇದ್ದು ಅದನ್ನು ಅಷ್ಟಿಷ್ಟು ಒಡೆಯುತ್ತಿದ್ದ ಕಿಣ್ವಗಳನ್ನು ಕೊಲ್ಲುತ್ತದೆ. ಅಂದರೆ ಕ್ಸೈಲನೇಸ್ ಹೆಚ್ಚು ಬೇಕಾದ ಹೊತ್ತಿಗೇ ಅದು ಇಲ್ಲವಾಯಿತು.

ಜರಡಿಯ ವಿಷಯ ಹೊಳೆದದ್ದು ಮರಣೋತ್ತರ ಪರೀಕ್ಷೆಯ ಮೇಜಿನ ಮೇಲೆ. ಗಿಜರ್ಡ್, ಅಂದರೆ ಕಾಳನ್ನು ಅರೆಯುವ ದಪ್ಪ ಸ್ನಾಯುವಿನ ಚೀಲ, ಮುಷ್ಟಿಯಂತೆ ಬಿಗಿಯಾಗಿರಬೇಕು. ಇವುಗಳದ್ದು ಸಡಿಲ, ಗೋಡೆ ತೆಳು. ಅದರ ಮೇಲಿನ ಗ್ರಂಥಿ ಜಠರ ಹಿಗ್ಗಿ, ಎರಡರ ನಡುವಿನ ಕತ್ತು ಮಾಯವಾಗಿತ್ತು. ಅರೆಯಲು ಏನೂ ಇಲ್ಲದಷ್ಟು ನುಣ್ಣಗೆ ಬೀಸಿದ ಆಹಾರ ತಿಂದ ಕೋಳಿಯಲ್ಲಿ ಹೀಗಾಗುತ್ತದೆ. ಆಹಾರ ಗಿಜರ್ಡ್‌ನಲ್ಲಿ ನಿಲ್ಲದೆ ಕೆಳಗಿಳಿಯುತ್ತದೆ, ಆಮ್ಲದ ಜೊತೆ ಬೆರೆಯುವ ಕಾಲ ಕುಗ್ಗುತ್ತದೆ. ಫೈಟೇಸ್ ಕೆಲಸ ಮಾಡುವುದು ಮುಖ್ಯವಾಗಿ ಕ್ರಾಪ್ (ಗಂಟಲ ಕೆಳಗಿನ ಆಹಾರದ ಚೀಲ), ಗ್ರಂಥಿ ಜಠರ ಮತ್ತು ಗಿಜರ್ಡ್‌ಗಳಲ್ಲೇ, ಫೈಟೇಟ್ ಕರಗಿರುವ ಆ ಹುಳಿ ವಾತಾವರಣದಲ್ಲಿ. ಸಣ್ಣ ಕರುಳಿಗೆ ಇಳಿದ ಮೇಲೆ pH ಏರುತ್ತದೆ, ಫೈಟೇಟ್ ಕ್ಯಾಲ್ಸಿಯಂನೊಂದಿಗೆ ಗಟ್ಟಿಯಾಗುತ್ತದೆ, ಕಿಣ್ವಕ್ಕೆ ಎಟುಕುವುದಿಲ್ಲ. ಹಬೆಯಿಂದ ಪಾರಾಗಿ ಬಂದ ಅಷ್ಟಿಷ್ಟು ಫೈಟೇಸ್‌ಗೂ ಕೆಲಸ ಮಾಡಲು ಸಮಯ ಸಿಗಲಿಲ್ಲ.

ಪೆಲೆಟ್ ಆದ ಮೇಲೆ ಬೀಸುವಿಕೆಯ ಒರಟುತನಕ್ಕೆ ಏನು ಬೆಲೆ ಎಂದು ಕೇಳುವವರಿದ್ದಾರೆ. ರೋಲರ್‌ಗಳು ದೊಡ್ಡ ಕಣಗಳನ್ನು ಮತ್ತೆ ನುರಿಯುವುದು ನಿಜ, ವ್ಯತ್ಯಾಸ ಕಡಿಮೆಯಾಗುವುದೂ ನಿಜ. ಅಳಿಸಿಹೋಗುವುದಿಲ್ಲ. ಪೆಲೆಟ್ ಅನ್ನು ನೀರಿನಲ್ಲಿ ನೆನೆಸಿ, ಜರಡಿಗಳ ಮೇಲೆ ತೊಳೆದು, ಒಣಗಿಸಿ ತೂಗಿದರೆ ಕೋಳಿಗೆ ನಿಜವಾಗಿ ಸಿಗುವ ಕಣದ ಗಾತ್ರ ಗೊತ್ತಾಗುತ್ತದೆ. ಈ ಪ್ರಕರಣದ ಪೆಲೆಟ್ ತೊಳೆದಾಗ ಒಂದು ಮಿಲಿಮೀಟರ್ ಜರಡಿಯ ಮೇಲೆ ಹೆಚ್ಚೇನೂ ನಿಲ್ಲಲಿಲ್ಲ.

ತಿದ್ದುಪಡಿ

ಶೆಡ್‌ನಲ್ಲಿದ್ದ ಮರಿಗಳ ವಿಷಯದಲ್ಲಿ ತಡಮಾಡುವಂತಿರಲಿಲ್ಲ. ಕ್ಯಾಲ್ಸಿಯಂ ಟಾನಿಕ್ ನಿಂತಿತು. ಕಿಣ್ವಕ್ಕೆ ಯಾವ ಲೆಕ್ಕವನ್ನೂ ಕೊಡದೆ, ಡಿಸಿಪಿಯನ್ನು ಪೂರ್ತಿ ಹಾಕಿ, 78 ಡಿಗ್ರಿಯಲ್ಲಿ ಪೆಲೆಟ್ ಮಾಡಿದ ಆಹಾರ ಬಂತು. ಪುಡಿ ಆಹಾರವನ್ನೇ ಕೊಟ್ಟುಬಿಡೋಣ ಎಂಬ ಸಲಹೆಯೂ ಇತ್ತು. ಪೆಲೆಟ್‌ಗೆ ಒಗ್ಗಿದ ಮರಿಗಳನ್ನು ಇದ್ದಕ್ಕಿದ್ದಂತೆ ಪುಡಿಗೆ ತಿರುಗಿಸಿದರೆ ತಿನ್ನುವುದೇ ಕಡಿಮೆಯಾಗುತ್ತದೆ, ಆಗಲೇ ಹಸಿವು ಕುಗ್ಗಿದ್ದ ಮರಿಗಳಿಗೆ ಅದು ಬೇಡವೆನಿಸಿತು. ಕಾಲು ಇನ್ನೂ ನೆಟ್ಟಗಿದ್ದ ಮರಿಗಳ ಕೊಕ್ಕು ಕ್ರಮೇಣ ಗಡಸಾಯಿತು. ಬಾಗಿದ ಕಾಲುಗಳು ಬಾಗಿಯೇ ಉಳಿದವು. ಅಂಥವನ್ನು ಬೇರ್ಪಡಿಸುವುದೊಂದೇ ದಾರಿಯಾಗಿತ್ತು.

ಮಿಲ್‌ನ ಪ್ರಶ್ನೆ ಇದಕ್ಕಿಂತ ಕಠಿಣ. ಉಷ್ಣತೆ ಇಳಿಸಿಬಿಡಿ ಎಂದು ಹೇಳುವುದು ಸುಲಭ, ಆದರೆ ಸಾಲ್ಮೊನೆಲ್ಲಾ ಭಯ ಸುಳ್ಳಲ್ಲ. ದಾರಿ ಮೂರಿದ್ದವು. ಲೇಪನವಿರುವ ಅಥವಾ ಸ್ವಭಾವತಃ ಶಾಖ ತಾಳುವ ಕಿಣ್ವ ತರುವುದು ಒಂದು. ಕಿಣ್ವವನ್ನು ದ್ರವ ರೂಪದಲ್ಲಿ, ಪೆಲೆಟ್ ತಣಿದ ಮೇಲೆ ಸಿಂಪಡಿಸುವುದು ಇನ್ನೊಂದು. ಹಬೆಯ ಜೊತೆ ರಾಜಿ ಮಾಡಿಕೊಂಡು, ಕಿಣ್ವಕ್ಕೆ ಕಡಿಮೆ ಲೆಕ್ಕ ಕೊಟ್ಟು ಡಿಸಿಪಿಯನ್ನು ಅಷ್ಟರಮಟ್ಟಿಗೆ ಉಳಿಸಿಕೊಳ್ಳುವುದು ಮೂರನೆಯದು.

ಸಿಂಪಡಿಸುವ ವಿಧಾನ ಕಾಗದದ ಮೇಲೆ ಅಂದವಾಗಿ ಕಾಣುತ್ತದೆ, ಬಿಸಿಯ ಗೊಡವೆಯೇ ಇಲ್ಲ. ಕೆಲಸಕ್ಕಿಳಿದಾಗ ತೊಂದರೆಗಳು ಬೇರೆ. ಟನ್ ಆಹಾರಕ್ಕೆ ಬೀಳುವ ದ್ರವ ಅತ್ಯಲ್ಪ, ಅದು ಪ್ರತಿ ಪೆಲೆಟ್‌ಗೂ ತಲುಪಬೇಕು. ನಳಿಕೆ ಅರ್ಧ ಕಟ್ಟಿಕೊಂಡರೂ ಫಲಕದಲ್ಲಿ ಎಲ್ಲ ಸರಿಯೆಂದೇ ಕಾಣಬಹುದು. ಪುಡಿಯ ಮೇಲ್ಮೈ ಹೆಚ್ಚಿರುವುದರಿಂದ ಪೆಲೆಟ್ ಜೊತೆ ಪುಡಿಯಿದ್ದರೆ ದ್ರವವನ್ನು ಅದೇ ಹೀರಿಕೊಳ್ಳುತ್ತದೆ. ಇಷ್ಟೆಲ್ಲ ನಿಗಾ ಇಡಲು ಜನರಿಲ್ಲದ ಮಿಲ್‌ಗೆ ನಾನಂತೂ ಇದನ್ನು ಹೇಳುವುದಿಲ್ಲ.

ಮಿಲ್ ಆರಿಸಿದ್ದು ಮೊದಲ ಮತ್ತು ಮೂರನೆಯ ದಾರಿಗಳ ಕೂಡುವಿಕೆ. ಶಾಖ ತಾಳುವ ಫೈಟೇಸ್ ಬಂತು. ಅದರ ಚೀಟಿಯಲ್ಲಿ ಬರೆದ ಡಿಗ್ರಿ ತಯಾರಕರ ಯಂತ್ರದಲ್ಲಿ, ಅವರ ಹಬೆಯಲ್ಲಿ, ಅವರು ಇಟ್ಟ ಸೆಕೆಂಡುಗಳಲ್ಲಿ ಸಿಕ್ಕ ಅಂಕಿ. ಆದ್ದರಿಂದ ಸ್ವಂತ ಸಾಲಿನಲ್ಲಿ ಮಿಕ್ಸರ್ ಮತ್ತು ಕೂಲರ್ ಮಾದರಿಗಳನ್ನು ಹೋಲಿಸುವವರೆಗೂ ಪೂರ್ತಿ ಲೆಕ್ಕ ಕೊಡಬಾರದೆಂದು ತೀರ್ಮಾನವಾಯಿತು. ಕಂಡಿಷನರ್ 82 ಡಿಗ್ರಿಗೆ ಇಳಿಯಿತು, ಸಾಲ್ಮೊನೆಲ್ಲಾ ವಿಷಯವನ್ನು ಕಚ್ಚಾವಸ್ತುಗಳ ತಪಾಸಣೆ ಮತ್ತು ಕೂಲರ್‌ನ ಸ್ವಚ್ಛತೆಯ ಕಡೆಯಿಂದಲೂ ಹಿಡಿಯಲಾಯಿತು. ಇದು ಸರಿಯೇ, ಬಿಸಿಯಿಂದ ಪಾರಾಗಿ ಬಂದ ಆಹಾರ ಕೂಲರ್‌ನಲ್ಲಿ ಧೂಳು, ತೇವಗಳ ನಡುವೆ ಮತ್ತೆ ಸೋಂಕು ಹತ್ತಿಸಿಕೊಳ್ಳಬಲ್ಲದು, ಆಗ 90 ಡಿಗ್ರಿ ಇದ್ದೂ ಪ್ರಯೋಜನವಿಲ್ಲ. ಹ್ಯಾಮರ್ ಮಿಲ್‌ಗೆ ಹಳೆಯ ಜರಡಿ ಮರಳಿತು.

ಒಂದು ವಿಷಯದಲ್ಲಿ ಆಹಾರ ತಜ್ಞರಿಗೂ ನನಗೂ ಒಮ್ಮತವಿಲ್ಲ. ಫೈಟೇಸ್‌ಗೆ ಅವರು ರಂಜಕದ ಜೊತೆ ಶಕ್ತಿಯ ಲೆಕ್ಕವನ್ನೂ ಕೊಡುತ್ತಾರೆ, ಕ್ಸೈಲನೇಸ್‌ಗೆ ಮತ್ತೊಂದು ಶಕ್ತಿಯ ಲೆಕ್ಕ, ಎರಡನ್ನೂ ಕೂಡಿಸಿ ಎಣ್ಣೆ ಕಡಿಮೆ ಮಾಡುತ್ತಾರೆ. ಎರಡೂ ಕಿಣ್ವಗಳು ಬಿಡಿಸುವುದು ಒಂದೇ ಆಹಾರದಲ್ಲಿ ಜೀರ್ಣವಾಗದೆ ಉಳಿದ ಒಂದೇ ಪಾಲನ್ನು. ಆಹಾರ ಮೊದಲೇ ಚೆನ್ನಾಗಿ ಜೀರ್ಣವಾಗುವಂಥದ್ದಾದರೆ ಬಿಡಿಸಲು ಉಳಿಯುವುದೇ ಕಡಿಮೆ. ಹಾಗಿರುವಾಗ ಬೇರೆ ಬೇರೆ ಚೀಟಿಗಳ ಅಂಕಿಗಳನ್ನು ನೇರ ಕೂಡಿಸುವುದನ್ನು ನಾನು ಒಪ್ಪಲಾರೆ. ರಂಜಕದ ಕೊರತೆಯನ್ನು ಕೊಕ್ಕು ಬಾಗಿಸಿ ಕಂಡುಹಿಡಿಯಬಹುದು. ಶಕ್ತಿಯ ಕೊರತೆ ಹಾಗೆ ಕೈಗೆ ಸಿಗುವುದಿಲ್ಲ, ಎಫ್‌ಸಿಆರ್‌ನಲ್ಲಿ ಒಂದೆರಡು ಅಂಕಿಯಾಗಿ ಅಡಗಿ ಕೂರುತ್ತದೆ, ಹವೆಯ ಮೇಲೋ ಮರಿಯ ಗುಣಮಟ್ಟದ ಮೇಲೋ ಹೊರೆಯಾಗುತ್ತದೆ.

ಮುಂದಿನ ಬ್ಯಾಚ್‌ನಲ್ಲಿ ಕುಂಟು ಕಾಣಲಿಲ್ಲ, ಲಿಟರ್ ಮುಷ್ಟಿಯಲ್ಲಿ ಹಿಡಿದರೆ ಪುಡಿಯಾಗಿ ಉದುರಿತು. ಗೆದ್ದದ್ದು ಯಾವ ತಿದ್ದುಪಡಿ ಎಂದು ಕೇಳಿದರೆ ರಂಜಕದ ಪಾಲನ್ನಷ್ಟೇ ಖಚಿತವಾಗಿ ಹೇಳಬಹುದು, ಅದಕ್ಕೆ ಮೂಳೆಯ ಸಾಕ್ಷಿ ಇದೆ. ಲಿಟರ್ ಒಣಗಿದ್ದಕ್ಕೆ ಉಳಿದ ಕ್ಸೈಲನೇಸ್ ಕಾರಣವೋ, ಕಡಿಮೆ ಬಿಸಿಯಿಂದ ತಗ್ಗಿದ ಲೋಳೆ ಕಾರಣವೋ, ಒರಟು ಬೀಸುವಿಕೆ ಕಾರಣವೋ ಬೇರ್ಪಡಿಸಿ ಹೇಳುವಂತಿಲ್ಲ, ಏಕೆಂದರೆ ತಿದ್ದುವಾಗಲೂ ಎಲ್ಲವನ್ನೂ ಒಟ್ಟಿಗೇ ತಿದ್ದಲಾಯಿತು. ಬೇರ್ಪಡಿಸಬೇಕೆಂದರೆ ಒಂದೇ ಲಾಟಿನ ಗೋಧಿಯಿಂದ ಎಂಟು ಬಗೆಯ ಆಹಾರ ಮಾಡಬೇಕು: ಎರಡು ಉಷ್ಣತೆ, ಎರಡು ಜರಡಿ, ಕ್ಸೈಲನೇಸ್ ಇರುವುದು ಮತ್ತು ಇಲ್ಲದ್ದು. ಎಂಟಕ್ಕೂ ಡಿಸಿಪಿ ಪೂರ್ತಿ ಹಾಕಿ ರಂಜಕವನ್ನು ಆಟದಿಂದ ಹೊರಗಿಡಬೇಕು. ಕ್ಸೈಲನೇಸ್ ಅನ್ನು ಪೆಲೆಟ್ ತಣಿದ ಮೇಲೆ ಕೈಯಾರೆ ಸಿಂಪಡಿಸಬೇಕು, ಇಲ್ಲವಾದರೆ 90 ಡಿಗ್ರಿಯ ಆಹಾರದಲ್ಲಿ ಅದು ಇದ್ದೂ ಇಲ್ಲದಂತಾಗಿ ಲೆಕ್ಕ ಮತ್ತೆ ಕಲಸಿಹೋಗುತ್ತದೆ.